ಕಣ್ಣಿನ ಕೂಲಿ

ತಮ್ಮಾ,

ಮೊನ್ನೆ ಸಂಜೆ ನೀನು ಅಂಗಡಿ ಅರ್ಧಕ್ಕೆ ಮುಚ್ಚಿ ನಮ್ಮ ಕಟ್ಟೆಗೆ ಬಂದು ಕೂತಾಗಲೇ ಏನೋ ಆಗಿದೆ ಅಂದುಕೊಂಡೆ. ನೀನು ಮೊಬೈಲ್ ತೆಗೆದು ತೋರಿಸಿದ್ದು ಒಂದು ಲಗ್ನಪತ್ರಿಕೆ. ಮೇಲೆ ಗಣಪತಿ, ಸುತ್ತ ಮಾವಿನ ತೋರಣ, ಬಂಗಾರದ ಬಣ್ಣದ ಅಕ್ಷರ. ‘ಹುಡುಗನ ತಮ್ಮ ಮನ್ಯಾಗ ಕೂತು ನಾಕು ನಿಮಿಷದಾಗ ಮಾಡ್ಯಾನ್ರಿ ಕಾಕಾ. ಎಐಗೆ ಹೇಳಿದ್ನಂತ, ಅದ ಬರದು ಕೊಡ್ತಂತ. ನೀ ಬರೇ ಪ್ರಿಂಟ್ ತಗದು ಕೊಡು, ಡಿಸೈನ್ ರೊಕ್ಕ ಕೊಡಂಗಿಲ್ಲ ಅಂದ್ರು. ಹನ್ನೆರಡು ವರ್ಷ ಕಲತ ವಿದ್ಯಾ ಇದು. ಇನ್ನ ಇದಕ್ಕ ಏನ್ ಬೆಲೆ ಐತ್ರಿ?’ ಅಂದೆ.

ನಾನು ಚಹಾ ಕುಡಿಸಿ ಕಳಿಸಿದೆ, ಉತ್ತರ ಕೊಡಲಿಲ್ಲ. ಬಾಯಿಗೆ ಬಂದ ಸಮಾಧಾನ ಹೇಳುವುದು ಸುಲಭವಿತ್ತು. ಆದರೆ ಇದೇ ಪ್ರಶ್ನೆಯನ್ನು ಮೂವತ್ತು ವರ್ಷಗಳ ಹಿಂದೆ ನಾನೂ ಕೇಳಿದ್ದೆ. ಆಗ ನನಗೆ ಸಿಕ್ಕ ಸಮಾಧಾನಗಳು ಒಂದೂ ಕೆಲಸಕ್ಕೆ ಬರಲಿಲ್ಲ. ಅದಕ್ಕೇ ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನಮ್ಮ ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಆ ಕಾಶಿಗೆ ನಾನು ಕಾಲಿಟ್ಟದ್ದು 1972ರಲ್ಲಿ, ಏಳನೇ ಇಯತ್ತೆ ಮುಗಿಸಿ. ಮೊದಲ ವರ್ಷ ಅಚ್ಚುಕೂಟದಲ್ಲಿ ನನಗೆ ಒಂದು ಸಾಲು ಜೋಡಿಸುವುದಕ್ಕೂ ಬಿಡಲಿಲ್ಲ. ಅಚ್ಚಾದ ಪುಟಗಳನ್ನು ಬಿಚ್ಚಿ, ಒಂದೊಂದೇ ಅಚ್ಚಿನ ಮೊಳೆಯನ್ನು ಕೇಸಿನಲ್ಲಿ ಅದರದರ ಮನೆಗೆ ವಾಪಸು ಹಾಕುವುದಷ್ಟೇ ಕೆಲಸ. ಕನ್ನಡದ ಕೇಸು ಅಂದರೆ ಒಂದು ಊರಿದ್ದ ಹಾಗೆ. ಕಾಗುಣಿತ, ಒತ್ತಕ್ಷರ, ಅರ್ಕಾವತ್ತು, ಸ್ಪೇಸು ಎಲ್ಲ ಸೇರಿ ನೂರಾರು ಮನೆಗಳು. ತಪ್ಪು ಮನೆಗೆ ಒಂದು ಮೊಳೆ ಬಿದ್ದರೆ ಮರುದಿನ ಯಾರದೋ ಪುಸ್ತಕದಲ್ಲಿ ‘ಹಾಲು’ ಹೋಗಿ ‘ಹಾಳು’ ಆಗುತ್ತಿತ್ತು. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನು ಬೆರಳು ಕಲಿತ ಮೇಲೆ ಕಣ್ಣು ಕಲಿಯಿತು. ಸ್ಟಿಕ್ಕಿನಲ್ಲಿ ಸಾಲು ಕಟ್ಟಿ, ಗ್ಯಾಲಿಗೆ ಇಳಿಸಿ, ದಾರ ಸುತ್ತಿ, ಮಸಿಯ ರೋಲರು ಎಳೆದು ಪ್ರೂಫ್ ತೆಗೆಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿದ್ದವು. ಊರಲ್ಲಿ ‘ಕಂಪೋಸಿಟರ್’ ಅಂದರೆ ಒಂದು ಮರ್ಯಾದೆ ಇತ್ತು. ನಮ್ಮ ಕೈ ಇಲ್ಲದೆ ಯಾವ ಕವಿಯೂ ಕವಿಯಾಗುವಂತಿರಲಿಲ್ಲ.

1985ರಲ್ಲಿ ಅಮೆರಿಕದಲ್ಲಿ ಪೇಜ್‌ಮೇಕರ್ ಅನ್ನುವ ತಂತ್ರಾಂಶ ಬಂತು. ಅದೇ ವರ್ಷ ಆಪಲ್ ಕಂಪನಿಯ ಲೇಸರ್ ಪ್ರಿಂಟರ್. ನಮಗೆ ಆ ಹೆಸರುಗಳೂ ಗೊತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕನ್ನಡದ ಫಾಂಟುಗಳನ್ನು ಕಟ್ಟಿಕೊಂಡು ಅದು ನಮ್ಮ ಓಣಿಗೇ ಬಂತು. ನಾನು ಒಂದು ದಿನ ಕಟ್ಟುತ್ತಿದ್ದ ಪುಟವನ್ನು ಟೈಪಿಂಗ್ ಕ್ಲಾಸಿನಿಂದ ಆಗಷ್ಟೇ ಬಂದ ಹುಡುಗಿಯೊಬ್ಬಳು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿದಳು. ತಪ್ಪಾದರೆ ಮೊಳೆ ಕೀಳುವುದಿಲ್ಲ, ಒಂದು ಕೀಲಿ ಒತ್ತಿದರೆ ಸಾಕು. ಮಾಲೀಕರು ಕೇಸುಗಳನ್ನು ಮೂಲೆಗೆ ಸರಿಸಿದರು. ಆಮೇಲೆ ಸೀಸವನ್ನು ತೂಕಕ್ಕೆ ಹಾಕಿದರು. ನನ್ನ ಇಪ್ಪತ್ತು ವರ್ಷದ ವಿದ್ಯೆ ಚೀಲದಲ್ಲಿ ತುಂಬಿ ತಕ್ಕಡಿಗೆ ಏರಿದ್ದನ್ನು ಕಣ್ಣಾರೆ ನೋಡಿದವನು ನಾನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ‘ನಿಜವಾದ ವಿದ್ಯೆ ಎಂದೂ ಸಾಯುವುದಿಲ್ಲ’ ಅಂತ ಭಾಷಣ ಮಾಡುವವರನ್ನು ನಂಬಬೇಡ. ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು ಒಂಬತ್ತು ಜನ. ಒಬ್ಬರು ಚಹಾದಂಗಡಿ ಇಟ್ಟರು, ಒಬ್ಬರು ಹೊಲಕ್ಕೆ ವಾಪಸಾದರು, ಮೂವರು ಬೈಂಡಿಂಗಿಗೆ ಇಳಿದರು. ಬಹಳ ವೇಗದ ಕೈ ಅಂತ ಹೆಸರಾಗಿದ್ದ ಇಬ್ಬರು ಬಹಳ ದಿನ ಬರಿಗೈಲಿ ಕೂತರು. ಅವರಲ್ಲಿ ಯಾರೂ ಸೋಮಾರಿಗಳಲ್ಲ, ದಡ್ಡರಲ್ಲ. ಅವರು ಮಾರುತ್ತಿದ್ದದ್ದು ಕೈಯ ವೇಗವನ್ನು. ಯಂತ್ರ ಅದನ್ನೇ ಅಗ್ಗಕ್ಕೆ ಮಾರತೊಡಗಿತು, ಅಷ್ಟೇ.

ಉಳಿದವರು ಯಾರು, ಯಾಕೆ ಉಳಿದರು ಅನ್ನುವುದೇ ನಿನಗೆ ಬೇಕಾದ ಮಾತು.

ನಮ್ಮಲ್ಲಿ ಒಬ್ಬ ಹಿರಿಯ ಕಂಪೋಸಿಟರ್ ಇದ್ದರು. ಎಲ್ಲರೂ ‘ಮಾಸ್ತರು’ ಅಂತ ಕರೆಯುತ್ತಿದ್ದೆವು. ಅವರ ಕೈ ನಿಧಾನ. ಮಾಲೀಕರು ದಿನಾ ಗೊಣಗುತ್ತಿದ್ದರು. ಒಮ್ಮೆ ಒಂದು ಲಗ್ನಪತ್ರಿಕೆ ಬಂತು, ಸಾವಿರ ಪ್ರತಿ, ಅವಸರದ ಕೆಲಸ. ಮಾಸ್ತರು ಎರಡು ಸಾಲು ಜೋಡಿಸಿ ಸ್ಟಿಕ್ ಕೆಳಗಿಟ್ಟರು. ‘ಈ ತಾರೀಖು ಗುರುವಾರ ಬರ್ತದ, ಇವರು ಬುಧವಾರ ಬರದಾರ. ತಾರೀಖು ತಪ್ಪೋ ವಾರ ತಪ್ಪೋ ಕೇಳ್ಕೊಂಡು ಬಾ’ ಅಂತ ನನ್ನನ್ನು ಸೈಕಲ್ ಮೇಲೆ ಬೆಟಗೇರಿಗೆ ಓಡಿಸಿದರು. ತಪ್ಪಾಗಿದ್ದದ್ದು ತಾರೀಖು. ಅದು ಹಾಗೆಯೇ ಅಚ್ಚಾಗಿದ್ದರೆ ಅರ್ಧ ಬಳಗ ಲಗ್ನದ ಮರುದಿನ ಬಂದು ಇಳಿಯುತ್ತಿತ್ತು. ಆ ಮನೆಯವರು ಮುಂದೆ ಮೂರು ಲಗ್ನ, ಎರಡು ಗೃಹಪ್ರವೇಶದ ಕೆಲಸವನ್ನು ನಮ್ಮಲ್ಲಿಗೇ ತಂದರು. ಬಂದವರು ಮೊದಲು ಕೇಳುತ್ತಿದ್ದದ್ದು ‘ಮಾಸ್ತರು ಅದಾರೇನು?’ ಅಂತ.

ಕಂಪ್ಯೂಟರ್ ಬಂದಾಗ ಮಾಲೀಕರು ಮೊದಲು ಬಿಡುತ್ತಾರೆ ಅಂತ ನಾವು ಲೆಕ್ಕ ಹಾಕಿದ್ದು ಮಾಸ್ತರನ್ನೇ. ಅವರನ್ನೇ ಉಳಿಸಿಕೊಂಡರು. ಕೀಲಿ ಒತ್ತುವವರು ಪ್ರತಿ ಓಣಿಯಲ್ಲೂ ಸಿಗತೊಡಗಿದ ಮೇಲೆ, ಒತ್ತಿದ್ದರಲ್ಲಿ ತಪ್ಪೇನು ಅಂತ ಹೇಳುವವರು ಕಡಿಮೆಯಾದರು. ಕೈ ಅಗ್ಗವಾದ ಹಾಗೆಲ್ಲ ಕಣ್ಣು ತುಟ್ಟಿಯಾಯಿತು. ನಾನು ಆ ಹೊತ್ತಿಗೆ ಮಾಸ್ತರ ಪಕ್ಕದ ಸ್ಟೂಲಿನಲ್ಲಿ ಕೂತು ಪ್ರೂಫ್ ನೋಡುವುದನ್ನು ಕಲಿತಿದ್ದೆ. ನನ್ನ ಅನ್ನ ಉಳಿದದ್ದು ಆ ಸ್ಟೂಲಿನಿಂದ.

ಇದು ನಮ್ಮ ಕಾಲಕ್ಕೆ ಹುಟ್ಟಿದ ಕಥೆಯಲ್ಲ. ಇಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯನ್ನು ನೆನೆಸಿಕೊ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದಳು ಅನ್ನುತ್ತಾರೆ. ಸಾವಿರ ಪ್ರತಿ ಅಂದರೆ ಎಷ್ಟು ಲಿಪಿಕಾರರು, ಎಷ್ಟು ಲೇಖನಿ, ಎಷ್ಟು ತಿಂಗಳು! ಆ ಲಿಪಿಕಾರರ ವಂಶದವರ ಕೆಲಸವನ್ನು ಅಚ್ಚು ಕಿತ್ತುಕೊಂಡಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಅಂದವಾಗಿ ಬರೆಯುವವನ ಕೈ ಬೇಕಿತ್ತು. ಮೊಳೆ ಬಂದು ಅವನ ಕೆಲಸವನ್ನೂ ತಿಂದಿತು. 1894ರಲ್ಲಿ ಕಿಟೆಲ್ಲರ ದೊಡ್ಡ ನಿಘಂಟು ಅದೇ ಮಿಷನ್ನಿನ ಅಚ್ಚುಕೂಟದಲ್ಲಿ ಅಚ್ಚಾಯಿತು. ಅದನ್ನು ಜೋಡಿಸಿದ ಕೈಗಳ ಹೆಸರನ್ನು ಇವತ್ತು ಯಾರೂ ಹೇಳುವುದಿಲ್ಲ. ಆದರೆ ಪದ ಆರಿಸಿದ, ಅರ್ಥ ತೂಗಿದ, ತಪ್ಪಿದ್ದರೆ ನಾನು ಹೊಣೆ ಅಂತ ಮೇಲೆ ಹೆಸರು ಹಾಕಿಕೊಂಡ ಕಿಟೆಲ್ಲರನ್ನು ಇವತ್ತಿಗೂ ಮರೆತಿಲ್ಲ.

ಇನ್ನೊಂದನ್ನೂ ಗಮನಿಸು. ಸಾಧನ ಅಗ್ಗವಾದಾಗಲೆಲ್ಲ ನಮ್ಮಂಥವರ ಹೊಟ್ಟೆ ಉರಿದಿದೆ, ಆದರೆ ಊರಿಗೆ ಒಳ್ಳೆಯದೇ ಆಗಿದೆ. ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರದ ದಾರಿಯಲ್ಲೇ ಬೆರಳಚ್ಚಿಸುವ ಕೀಲಿಮಣೆ ಕಟ್ಟಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನೀನು ಕಲಿತದ್ದೂ ಅದರಲ್ಲೇ. ಅಷ್ಟೊಂದು ಮೊಳೆ ಕೊಳ್ಳಲು ಮನೆ ಅಡವಿಡಬೇಕಿದ್ದ ಊರಲ್ಲಿ, ಒಂದು ಹಳೆಯ ಕಂಪ್ಯೂಟರ್ ಇದ್ದವನೆಲ್ಲ ಕನ್ನಡ ಪುಟ ಕಟ್ಟುವಂತಾಯಿತು. ನಿನ್ನ ಅಂಗಡಿ ಹುಟ್ಟಿದ್ದು ಹಾಗೆ, ನನ್ನ ವಿದ್ಯೆ ಅಗ್ಗವಾದದ್ದರಿಂದ. ಈಗ ನಿನ್ನ ವಿದ್ಯೆ ಆ ಲಗ್ನದ ಹುಡುಗನ ತಮ್ಮನ ಕೈಗೆ ಅಗ್ಗವಾಗಿ ಹೋಗಿದೆ. ಅವನ ಮೇಲೆ ಸಿಟ್ಟಾಗುವ ಹಕ್ಕು ನಿನಗಿಲ್ಲ. ನನಗೆ ನಿನ್ನ ಮೇಲೆ ಇರಲಿಲ್ಲವಲ್ಲ, ಹಾಗೇ.

ಈಗಿನ ಯಂತ್ರದ ಮಾತಿಗೆ ಬರೋಣ. ಅದು ಬರೆಯುವ ಕನ್ನಡ ನೋಡಿ ನಾನೂ ಬೆರಗಾಗಿದ್ದೇನೆ. ನಿನ್ನ ಅಂಗಡಿಗೆ ಬರುವ ಹತ್ತು ಕೈಬರಹಗಳಲ್ಲಿ ಎಂಟಕ್ಕಿಂತ ಅದರ ಕಾಗುಣಿತ ಚೆನ್ನಾಗಿರುತ್ತದೆ. ಅದನ್ನು ಹೀಗಳೆದು ಪ್ರಯೋಜನವಿಲ್ಲ. ಆದರೆ ಒಂದು ವ್ಯತ್ಯಾಸ ನೆನಪಿಡು. ಮೊಳೆಯ ಕಾಲದಲ್ಲಿ ತಪ್ಪು ತಪ್ಪಿನ ಹಾಗೇ ಕಾಣುತ್ತಿತ್ತು. ತಲೆಕೆಳಗಾದ ಅಕ್ಷರ, ಮುರಿದ ಒತ್ತು, ಮಸಿ ಹತ್ತದ ಸಾಲು ಮಾರು ದೂರದಿಂದಲೇ ಕೂಗಿ ಹೇಳುತ್ತಿದ್ದವು. ಈಗಿನ ತಪ್ಪು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತದೆ. ಸಾಲು ನೇರ, ಅಕ್ಷರ ಸುಂದರ, ಮಾತು ಗಂಭೀರ, ಅರ್ಥ ಮಾತ್ರ ಬೇರೆ. ಹೀಗೆ ಬಂದ ತಪ್ಪನ್ನು ಹಿಡಿಯಲು ಮೊದಲಿಗಿಂತ ಚುರುಕಾದ ಕಣ್ಣು ಬೇಕು.

ಇಂಥ ತಪ್ಪು ಹೇಗಿರುತ್ತದೆ ನೋಡು. 2025ರ ಜುಲೈಯಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿನಲ್ಲಿ ಕನ್ನಡದಲ್ಲಿ ಸಂತಾಪ ಪ್ರಕಟವಾಯಿತು. ತಾನೇ ಅನುವಾದ ಮಾಡುವ ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಸಂತಾಪ ಹೇಳಿದವರನ್ನೇ ತೀರಿಕೊಂಡವರನ್ನಾಗಿ ಮಾಡಿಬಿಟ್ಟಿತು. ಕಂಪನಿಗೆ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು. ಅದಕ್ಕೆ ಒಂದು ವರ್ಷ ಮೊದಲು ಕೊಡಗಿನ ರಸ್ತೆಯೊಂದರ ಪಕ್ಕದ ಫಲಕ ನೆನಪಿದೆಯಲ್ಲ? ಅವಸರವೇ ಅಪಘಾತಕ್ಕೆ ಕಾರಣ ಅನ್ನುವ ಮಾತು ಇಂಗ್ಲಿಷಿಗೆ ಹೋಗಿ, ‘ತುರ್ತಾಗಿ ಅಪಘಾತ ಮಾಡಿರಿ’ ಅನ್ನುವ ಅರ್ಥ ಕೊಡುತ್ತಿತ್ತು. ನಾಡೆಲ್ಲ ನಕ್ಕಿತು. ಎರಡೂ ಕಡೆ ಬೇಕಾಗಿದ್ದದ್ದು ಎರಡು ಭಾಷೆ ಬಲ್ಲ ಒಬ್ಬನ ಅರ್ಧ ನಿಮಿಷ.

ಇವು ದೊಡ್ಡ ಕಥೆಗಳು. ನಿನ್ನ ಟೇಬಲ್ಲಿನ ಮೇಲೆ ದಿನಾ ಇರುವ ಸಣ್ಣವನ್ನು ನೋಡು. ಕನ್ನಡದ ಸೊನ್ನೆ ಅಂಕಿ, ಅನುಸ್ವಾರ ಎರಡೂ ಕಣ್ಣಿಗೆ ಒಂದೇ ಥರ. ಎಷ್ಟೋ ಜನ ‘ಶಂಕರ’ ಅಂತ ಬರೆಯುವಾಗ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿ ‘ಶ೦ಕರ’ ಮಾಡಿರುತ್ತಾರೆ. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಆ ಹೆಸರು ಹುಡುಕಿದರೆ ಮನುಷ್ಯನೇ ಸಿಗುವುದಿಲ್ಲ. ‘ಸೂರ್ಯ’ದಲ್ಲಿ ಸರಿಯಾಗಿ ಕೂರುವ ಅರ್ಕಾವತ್ತು ‘ರ‍್ಯಾಂಕ್’ ಬರೆಯುವಾಗ ಬೇಡ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿ ಒತ್ತಬೇಕು. ಹಳೆಯ ಫಾಂಟಿನ ಕಡತವನ್ನು ಯೂನಿಕೋಡಿಗೆ ತಿರುಗಿಸಿದಾಗ ಯಾವ ಒತ್ತು ಎಲ್ಲಿ ಜಾರುತ್ತದೆ ಅಂತ ನಿನಗೆ ಗೊತ್ತು. ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲಾದರೆ ಮೊಮ್ಮಕ್ಕಳ ತನಕ ಕೋರ್ಟು ತಿರುಗಬೇಕು ಅನ್ನುವುದೂ ಗೊತ್ತು. ಇಷ್ಟನ್ನು ನೀನು ವಿದ್ಯೆ ಅಂತ ಎಣಿಸಿಯೇ ಇಲ್ಲ. ‘ಡಿಸೈನ್’ ಒಂದೇ ನಿನ್ನ ವಿದ್ಯೆ ಅಂದುಕೊಂಡಿದ್ದೀಯ. ಅದಕ್ಕೇ ಡಿಸೈನ್ ಹೋದಾಗ ಎಲ್ಲವೂ ಹೋಯಿತು ಅನ್ನಿಸಿದೆ.

ಇನ್ನು ನಾನು ಹೇಳುವ ನಾಲ್ಕು ಮಾತು ಕೇಳು. ಹಿಡಿಸಿದ್ದನ್ನು ಇಟ್ಟುಕೋ.

ಮೊದಲನೆಯದು, ಹೋಗುವುದನ್ನು ಹೋಗಲು ಬಿಡು. ವಿಸಿಟಿಂಗ್ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಇಂಥ ಲಗ್ನಪತ್ರಿಕೆಯ ಚಿತ್ತಾರ ಇನ್ನು ಮುಂದೆ ರೊಕ್ಕ ತರುವುದಿಲ್ಲ. ಅದಕ್ಕಾಗಿ ಗಿರಾಕಿಯ ಜೊತೆ ಜಗಳಾಡಬೇಡ, ಅವನು ಮಾಡಿ ತಂದದ್ದನ್ನು ಹಂಗಿಸಬೇಡ. ನಮ್ಮ ಕೆಲವರು ಕಡೆಯ ತನಕ ‘ಕಂಪ್ಯೂಟರ್ ಅಕ್ಷರಕ್ಕ ಮೊಳೆಯ ಅಂದ ಇಲ್ರಿ’ ಅಂತ ಬಂದವರಿಗೆಲ್ಲ ಪಾಠ ಮಾಡಿದರು. ಮಾತು ನಿಜವೇ ಇತ್ತು. ಆದರೆ ಪಾಠ ಕೇಳಿದವರು ಪಕ್ಕದ ಅಂಗಡಿಗೆ ಹೋದರು.

ಎರಡನೆಯದು, ತಿದ್ದುವುದಕ್ಕೆ ಬೇರೆ ಕೂಲಿ ಕೇಳು. ಈ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ಹತ್ತು ವರ್ಷ ನಾನು ಪ್ರೂಫ್ ತಿದ್ದುವುದನ್ನು ಪುಕ್ಕಟೆ ಮಾಡಿದೆ. ‘ಅದೇನು ಮಹಾ, ಹಂಗ ಒಮ್ಮೆ ಕಣ್ಣಾಡಿಸ್ತೀನಿ ಬಿಡ್ರಿ’ ಅನ್ನುತ್ತಿದ್ದೆ. ಬಿಲ್ಲಿನಲ್ಲಿ ಕಾಗದಕ್ಕೆ ಇಷ್ಟು, ಕಂಪೋಸಿಂಗಿಗೆ ಇಷ್ಟು, ಬೈಂಡಿಂಗಿಗೆ ಇಷ್ಟು ಅಂತ ಇರುತ್ತಿತ್ತು. ನನ್ನ ಕಣ್ಣಿಗೆ ಒಂದು ಸಾಲೂ ಇರಲಿಲ್ಲ. ಬಿಲ್ಲಿನಲ್ಲಿ ಇಲ್ಲದ ಕೆಲಸ ಲೋಕದ ಕಣ್ಣಿಗೆ ಕೆಲಸವೇ ಅಲ್ಲ. ನೀನು ಇವತ್ತಿನಿಂದಲೇ ಬಿಲ್ಲಿನಲ್ಲಿ ‘ಕರಡು ತಿದ್ದಿದ್ದು’ ಅಂತ ಒಂದು ಸಾಲು ಬರೆ. ಮೊದಮೊದಲು ಚಿಕ್ಕ ಮೊತ್ತವೇ ಇರಲಿ. ಆ ಸಾಲು ಹಾಕಿದ ದಿನದಿಂದ ತಪ್ಪಿಗೆ ನೀನೇ ಹೊಣೆ. ‘ತಪ್ಪು ಉಳಿದ್ರ ನನ್ನ ಖರ್ಚಿನಾಗ ಮತ್ತ ಪ್ರಿಂಟ್ ಮಾಡಿ ಕೊಡ್ತೀನಿ’ ಅಂತ ಧೈರ್ಯವಾಗಿ ಹೇಳು. ಈ ಮಾತನ್ನು ಯಾವ ಯಂತ್ರವೂ ಹೇಳುವುದಿಲ್ಲ. ಅದು ತಪ್ಪು ಮಾಡಿದಾಗ ಯಾರ ಮನೆಯ ಬಾಗಿಲು ತಟ್ಟಬೇಕು ಅಂತ ಆ ಲಗ್ನದ ಮನೆಯವರಿಗೆ ಗೊತ್ತಿಲ್ಲ. ನಿನ್ನ ಬಾಗಿಲು ಗೊತ್ತು.

ಮೂರನೆಯದು, ಅಕ್ಷರದ ಹಿಂದಿನ ವಿಷಯ ಕಲಿ. ಮಾಸ್ತರು ಪಂಚಾಂಗ ನೋಡುತ್ತಿದ್ದರು, ಊರಿನ ಮನೆತನಗಳ ನೆಂಟಸ್ತಿಕೆ ಬಲ್ಲವರಾಗಿದ್ದರು. ಅದಕ್ಕೇ ವಾರ-ತಾರೀಖಿನ ತಪ್ಪು ಅವರಿಗೆ ಸಿಕ್ಕಿತು. ಬರೀ ಕಾಗುಣಿತ ಬಲ್ಲವನಿಗೆ ಅದು ಸಿಗುತ್ತಿರಲಿಲ್ಲ, ಏಕೆಂದರೆ ‘ಬುಧವಾರ’ದ ಕಾಗುಣಿತ ಸರಿಯಾಗಿಯೇ ಇತ್ತು. ನಿನ್ನ ಅಂಗಡಿ ಇರುವುದು ಕಚೇರಿಗಳ ಎದುರಿಗೆ. ಜಮೀನಿನ ಕಾಗದಗಳ ಭಾಷೆ ಕಲಿ, ಪಹಣಿ ಓದುವುದನ್ನು ಕಲಿ. ಅಥವಾ ಕಾಲೇಜಿನ ಮಕ್ಕಳ ಪ್ರಬಂಧಗಳನ್ನು ಹಿಡಿ. ಹತ್ತರಲ್ಲಿ ಅರೆಬರೆ ಬೇಡ, ಒಂದರಲ್ಲಿ ಗಟ್ಟಿಯಾಗು. ಆ ಯಂತ್ರವನ್ನೂ ಕಲಿ. ಮೊದಲ ಕರಡು ಅದು ಬರೆಯಲಿ, ಕಡೆಯ ಮಾತು ನಿನ್ನದಾಗಿರಲಿ.

ನಾಲ್ಕನೆಯದು ನಿನಗಿಂತ ಹೆಚ್ಚಾಗಿ ನಿನ್ನ ಹತ್ತಿರ ಕಲಿಯಲು ಬಂದಿರುವ ಆ ಹುಡುಗನಿಗೆ. ನನಗೆ ಕಣ್ಣು ಬಂದದ್ದು ಮೊಳೆ ಬಿಡಿಸುವ ಬೇಸರದ ಕೆಲಸದಿಂದ. ಒಂದು ವರ್ಷ ಅಕ್ಷರಗಳನ್ನು ಅವುಗಳ ಮನೆಗೆ ಮುಟ್ಟಿಸಿದ್ದಕ್ಕೇ ಯಾವುದು ದಾರಿ ತಪ್ಪಿದೆ ಅಂತ ಗೊತ್ತಾಗತೊಡಗಿತು. ಈಗ ಕಲಿಯುವವನ ಪಾಲಿನ ಸಣ್ಣ ಕೆಲಸವನ್ನೆಲ್ಲ ಯಂತ್ರವೇ ಮಾಡಿಬಿಡುತ್ತದೆ. ಹುಡುಗ ಮೊದಲ ದಿನವೇ ಮಾಸ್ತರನ ಕುರ್ಚಿಯಲ್ಲಿ ಕೂರುತ್ತಾನೆ, ಆದರೆ ಮಾಸ್ತರನ ಕಣ್ಣಿಲ್ಲದೆ. ಈಗಿನ ಸಾಧನಗಳ ಬಗ್ಗೆ ನನಗಿರುವ ನಿಜವಾದ ಭಯ ಇದೊಂದೇ. ನಿನ್ನಂಥವರ ಅನ್ನ ಹೇಗೋ ಉಳಿಯುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ತಪ್ಪು ಹಿಡಿಯುವವರು ಎಲ್ಲಿಂದ ಬರಬೇಕು? ಅದಕ್ಕೇ ಆ ಹುಡುಗನಿಂದ ಮೊದಲ ನೂರು ಪುಟ ಕೈಯಲ್ಲೇ ಮಾಡಿಸು. ಯಂತ್ರ ಬರೆದದ್ದನ್ನು ಕೆಂಪು ಪೆನ್ನು ಹಿಡಿದು ಕಾಗದದ ಮೇಲೆ ತಿದ್ದಿಸು. ಆಹ್ವಾನ ಯಾಕೆ ‘ಆವ್ಹಾನ’ ಅಲ್ಲ, ಶುಭಾಶಯ ಯಾಕೆ ‘ಶುಭಾಷಯ’ ಅಲ್ಲ ಅಂತ ಅವನು ಬಾಯಿಬಿಟ್ಟು ಹೇಳಲಿ. ಬೈದುಕೊಳ್ಳುತ್ತಾನೆ. ನಾನೂ ಮಾಸ್ತರನ್ನು ಬೈದುಕೊಂಡಿದ್ದೆ.

ನಮ್ಮೂರ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸನಿಗೆ ಒಮ್ಮೆ ಬರೆದದ್ದನ್ನು ಅಳಿಸದ ಅಗ್ಗಳಿಕೆ ಇತ್ತಂತೆ. ಅವನೊಬ್ಬನಿಗೆ ಪ್ರೂಫ್ ಬೇಡ. ಮಿಕ್ಕ ನಮಗೆಲ್ಲ ಬೇಕು. ಮನುಷ್ಯನಿಗೂ ಬೇಕು, ಯಂತ್ರಕ್ಕೂ ಬೇಕು.

ಕಡೆಗೆ ಆ ಲಗ್ನಪತ್ರಿಕೆ. ಮೊನ್ನೆ ನೀನು ಚಹಾ ಕುಡಿಯುತ್ತಿದ್ದಾಗ ನಾನು ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದೆ. ವರನ ಹೆಸರಿನ ಹಿಂದೆ ‘ಚಿ.ಕುಂ.ಸೌ.’ ಅಂತ ಇದೆ, ವಧುವಿನ ಹೆಸರಿನ ಹಿಂದೆ ಬರೀ ‘ಚಿ.’ ಇದೆ. ಹುಡುಗಿಯ ಅಜ್ಜ ತೀರಿಕೊಂಡು ಎರಡು ವರ್ಷವಾಯಿತು, ಊರಿಗೆಲ್ಲ ಗೊತ್ತು. ಪತ್ರಿಕೆಯಲ್ಲಿ ಅವರು ಎಲ್ಲರನ್ನೂ ಲಗ್ನಕ್ಕೆ ಕರೆಯುತ್ತಿದ್ದಾರೆ. ನೀನು ಸಿಟ್ಟಿನಲ್ಲಿದ್ದೆ, ಬಣ್ಣ ನೋಡಿದೆ, ಅಕ್ಷರ ಓದಲಿಲ್ಲ.

ನಾಳೆ ಅಂಗಡಿ ತೆಗೆದ ಕೂಡಲೇ ಆ ಮನೆಯವರಿಗೆ ಫೋನ್ ಮಾಡು. ಪ್ರಿಂಟ್ ಹಾಕುವ ಮೊದಲೇ ಎರಡೂ ತಪ್ಪು ಹೇಳು. ಇದೊಂದು ಸಲ ತಿದ್ದಿದ್ದಕ್ಕೆ ರೊಕ್ಕ ಕೇಳಬೇಡ. ಮುಂದಿನ ಸಲ ಬಂದಾಗ ತಪ್ಪದೆ ಕೇಳು.